ವಾರಕ್ಕೊಮ್ಮೆ ನುಂಗುವ ಮಾತ್ರೆ: ಎಲ್ಲಿ ತಪ್ಪುತ್ತದೆ, ಏನು ನೋಡಬೇಕು

ಅಮ್ಮನಿಗೆ ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ 15 ಮಿ.ಗ್ರಾಂ ವಾರಕ್ಕೊಮ್ಮೆ ಬರೆದುಕೊಟ್ಟಿದ್ದಾರೆ, ಮನೆಯಲ್ಲಿ ಏನು ಎಚ್ಚರ ಬೇಕು, ಅಡ್ಡಪರಿಣಾಮವಾದರೆ ಯಾರಿಗೆ ತಿಳಿಸಬೇಕು ಅಂತ ಕೇಳಿದ್ದೀರಿ.

ಈ ಔಷಧಿಗೆ ಹೆದರಿ ಬಿಡಬೇಕಾಗಿಲ್ಲ. ಅಪಾಯ ಇರುವುದು ಬಿಪಿ, ಶುಗರ್ ಮಾತ್ರೆಗಳ ಜೊತೆ ಇದನ್ನೂ ದಿನಾ ನುಂಗಿಬಿಟ್ಟಾಗ. ನಮ್ಮ ಚೀಟಿಗಳಲ್ಲಿ 0-0-1 ಅಂದರೆ ದಿನಾ ರಾತ್ರಿ ಒಂದು. ವಾರದ ಲೆಕ್ಕಕ್ಕೆ ಅದರಲ್ಲಿ ಜಾಗವೇ ಇಲ್ಲ. ಹಾಗಾಗಿ ಚೀಟಿಯಲ್ಲೂ ಮಾತ್ರೆಯ ಕವರಿನ ಮೇಲೂ ‘ಬುಧವಾರ ಮಾತ್ರ’ ಅಂತ ವಾರದ ಹೆಸರನ್ನೇ ಬರೆಸಿಕೊಳ್ಳಿ.

ಜೊತೆಗೆ ಕೊಡುವ ಫೋಲಿಕ್ ಆಸಿಡ್ ಎಂಬ ವಿಟಮಿನ್ ಮಾತ್ರೆ (5 ಮಿ.ಗ್ರಾಂ) ಇನ್ನೊಂದು ತೊಡಕು. ಅದೂ ಹಳದಿ, ಇದೂ ಬಹಳ ಸಲ ಹಳದಿ, ಎರಡೂ ಪುಟ್ಟ ಮಾತ್ರೆ. ಸ್ಟ್ರಿಪ್‌ನಿಂದ ಬಿಡಿಸಿ ಒಂದೇ ಡಬ್ಬಿಗೆ ಹಾಕಿದರೆ ಅದಲುಬದಲಾಗುವುದು ಖಂಡಿತ. ಸ್ಟ್ರಿಪ್‌ನಲ್ಲೇ ಇರಲಿ, ಬೇರೆ ಕಪಾಟಿನಲ್ಲಿರಲಿ.

ಪ್ರತಿ ಸಲ ತಂದಾಗ ಮಿ.ಗ್ರಾಂ ಓದಿ. 2.5 ಮಿ.ಗ್ರಾಂ ಮಾತ್ರೆಯಾದರೆ 15ಕ್ಕೆ ಆರು ಬೇಕು. ಅಂಗಡಿಯಲ್ಲಿ 10ರದ್ದು ಕೊಟ್ಟು, ಅಮ್ಮ ರೂಢಿಯಂತೆ ಆರು ನುಂಗಿದರೆ 60 ಮಿ.ಗ್ರಾಂ ಆಯಿತು! ಒಂದೇ ಅಳತೆಯ ಮಾತ್ರೆಗೆ ಅಂಟಿಕೊಳ್ಳುವುದೇ ಕ್ಷೇಮ. ಬೇರೆ ಕಾಯಿಲೆಗೆ ಆಸ್ಪತ್ರೆ ಸೇರಿದರಂತೂ ವಾರ್ಡಿನ ನರ್ಸ್‌ಗೆ ಬಾಯಿಬಿಟ್ಟು ಹೇಳಿ. ಅಲ್ಲಿನ ಚಾರ್ಟ್‌ನಲ್ಲಿ ದಿನಕ್ಕೊಂದು ಮನೆ ಇರುತ್ತದೆ, ಉಳಿದ ಆರು ದಿನಕ್ಕೆ ಅಡ್ಡಗೆರೆ ಹಾಕಿಸಬೇಕು.

ಔಷಧಿ ಹೊರಹೋಗುವುದು ಹೆಚ್ಚಾಗಿ ಮೂತ್ರಪಿಂಡದ ಮೂಲಕ. ವಾಂತಿಭೇದಿಯಾಗಿ ನೀರು ಬತ್ತಿದರೆ ಅದು ಮೈಯಲ್ಲೇ ಉಳಿಯುತ್ತದೆ. ಆ ವಾರದ ಡೋಸ್ ಕೊಡುವ ಮುಂಚೆ ವೈದ್ಯರಿಗೆ ಫೋನ್ ಮಾಡಿ. ಉರಿಮೂತ್ರಕ್ಕೆ ಯಾರಾದರೂ ಕೋ-ಟ್ರೈಮಾಕ್ಸಜೋಲ್ ಎಂಬ ಆಂಟಿಬಯೋಟಿಕ್ ಬರೆದರೆ ತೆಗೆದುಕೊಳ್ಳಬೇಡಿ, ಬೇರೆ ಕೇಳಿ. ಇವೆರಡೂ ಸೇರಿದರೆ ಮೂಳೆಮಜ್ಜೆ ರಕ್ತಕಣ ತಯಾರಿಸುವುದನ್ನೇ ನಿಲ್ಲಿಸಬಹುದು.

ರಕ್ತಕಣಗಳ ಎಣಿಕೆ, ಲಿವರ್ ಪರೀಕ್ಷೆ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಈ ಮೂರನ್ನು ಮೊದಲ ಮೂರು ತಿಂಗಳು 2ರಿಂದ 4 ವಾರಕ್ಕೊಮ್ಮೆ ಮಾಡಿಸುತ್ತಾರೆ. ಆಮೇಲೆ ಅಂತರ ಹೆಚ್ಚುತ್ತದೆ. ನುಂಗಿದ ಮರುದಿನದ ವಾಕರಿಕೆ, ಸುಸ್ತು ಸಾಮಾನ್ಯ. ಬಾಯಿ ಹುಣ್ಣಾಗಿ ಸಾರನ್ನ ಕೂಡ ಉರಿಯುತ್ತಿದ್ದರೆ, ಜ್ವರ, ಗಂಟಲುನೋವು, ವಸಡಿನಲ್ಲಿ ರಕ್ತ, ಒಣಕೆಮ್ಮಿನ ಜೊತೆ ಉಸಿರಾಟಕ್ಕೆ ಕಷ್ಟ ಕಂಡರೆ ಮುಂದಿನ ಡೋಸ್ ತಡೆದು ಅವತ್ತೇ ವೈದ್ಯರನ್ನು ಕಂಡು ರಕ್ತಪರೀಕ್ಷೆ ಮಾಡಿಸಿ. ತಪ್ಪಿ ದಿನಾ ನುಂಗಿದ್ದು ಗೊತ್ತಾದರೆ ಹುಣ್ಣು ಬರಲಿ ಅಂತ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ. ಮೆಥೊಟ್ರೆಕ್ಸೇಟ್‌ನ ವಿಷಪರಿಣಾಮ ತಡೆಯಲು ಲ್ಯೂಕೊವೊರಿನ್ ಎಂಬ ಮದ್ದಿದೆ, ಬೇಗ ಕೊಟ್ಟಷ್ಟೂ ಕೆಲಸ ಮಾಡುತ್ತದೆ.

ಅಡ್ಡಪರಿಣಾಮವಾದರೆ ತಿಳಿಸಬೇಕಾದ್ದು ಔಷಧಿಗಳ ಅಡ್ಡಪರಿಣಾಮದ ಮೇಲೆ ಕಣ್ಣಿಡುವ ಭಾರತೀಯ ಔಷಧ ಜಾಗೃತಿ ಕಾರ್ಯಕ್ರಮಕ್ಕೆ (PvPI). 2010ರಲ್ಲಿ ಶುರುವಾದ ಇದರ ಕೇಂದ್ರ ಗಾಜಿಯಾಬಾದ್‌ನ ಇಂಡಿಯನ್ ಫಾರ್ಮಕೊಪಿಯಾ ಕಮಿಷನ್‌ನಲ್ಲಿದೆ. ಸಹಾಯವಾಣಿ 1800-180-3024, ಉಚಿತ. ರೋಗಿಯ ಮನೆಯವರೂ ತಿಳಿಸಬಹುದು, ಅವರಿಗಾಗಿಯೇ ಇರುವ ಫಾರಂ ಕನ್ನಡದಲ್ಲೂ ಸಿಗುತ್ತದೆ. ಔಷಧಿಯೇ ಕಾರಣ ಅಂತ ನೀವು ಸಾಬೀತುಮಾಡಬೇಕಿಲ್ಲ, ಅನುಮಾನ ಸಾಕು. ಆದರೆ ಸ್ಟ್ರಿಪ್ ಬಿಸಾಡಬೇಡಿ. ಬ್ಯಾಚ್ ನಂಬರ್ ಇರುವ ತುದಿಯನ್ನು ಕೊನೆಯವರೆಗೂ ಕತ್ತರಿಸದೆ ಉಳಿಸಿಕೊಳ್ಳಿ, ಅದನ್ನೇ ಕೇಳುತ್ತಾರೆ.