ವೆಲ್ಡ್ ಆದ ಮೇಲೆ ಶಾಫ್ಟ್ ತಿರುಗುತ್ತಿಲ್ಲ!

ಪ್ರಶ್ನೆ: ನಾವು ನಾಲ್ವರು ಡಿಪ್ಲೊಮಾದವರು ಅಡಿಕೆ ಸುಲಿಯುವ ಯಂತ್ರ ಮಾಡುತ್ತಿದ್ದೇವೆ. ಫ್ರೇಮ್ ಪೂರ್ತಿ ವೆಲ್ಡ್ ಮಾಡಿಸಿದ ಮೇಲೆ 25 ಮಿ.ಮೀ. ಶಾಫ್ಟ್ ಕೈಯಲ್ಲಿ ತಿರುಗುತ್ತಲೇ ಇಲ್ಲ. ಬೇರಿಂಗ್ ಬದಲಿಸಬೇಕಾ?
– ವಿದ್ಯಾರ್ಥಿ, ಶಿರಸಿ

ಉತ್ತರ: ತಡೀರಿ ಮಾರಾಯ್ರೆ, ಸುಮ್ನೆ ದುಡ್ಡು ಹಾಕಬೇಡಿ. ವೆಲ್ಡ್ ಆರುವಾಗ ಕುಗ್ಗಿ ಆಂಗಲ್ ಪಟ್ಟಿಯನ್ನು ತನ್ನ ಕಡೆ ಎಳೆಯುತ್ತದೆ, ಎರಡು ಬೇರಿಂಗ್‌ಗಳ ಸಾಲು ತಪ್ಪುತ್ತದೆ. ಬೇರಿಂಗ್ ಹಿಡಿದ ಬೋಲ್ಟ್ ಸಡಿಲಿಸಿ ನೋಡಿ. ಶಾಫ್ಟ್ ಸಲೀಸಾಗಿ ತಿರುಗಿದರೆ ಅದೇ ಕಾರಣ. ತಗ್ಗಿದ ಕಡೆ ತೆಳು ತಗಡು ಕೊಟ್ಟು, ಬೇಕಾದರೆ ಬೋಲ್ಟ್ ತೂತನ್ನು ಅರದಿಂದ ಸ್ವಲ್ಪ ಉದ್ದ ಮಾಡಿ, ಶಾಫ್ಟ್ ತಿರುಗಿಸುತ್ತಲೇ ಒಂದೊಂದೇ ಬೋಲ್ಟ್ ಬಿಗಿ ಮಾಡಿ. ಬೇರಿಂಗ್ ಕೂರಿಸಿಕೊಂಡೇ ವೆಲ್ಡ್ ಮಾಡಿಸಿದ್ರಾ? ಹಾಗಿದ್ರೆ ಕರೆಂಟ್ ಹಾದು ಗುಂಡುಗಳು ಹಾಳಾಗಿರಬಹುದು, ಆಗ ಬದಲಿಸಿ. ಮುಂದಿನ ಸಲ ಮೊದಲು ಬರೀ ಟ್ಯಾಕ್ (ಅಲ್ಲಲ್ಲಿ ಚುಕ್ಕೆ ವೆಲ್ಡ್) ಹೊಡೆಸಿ, ಫ್ರೇಮಿನ ಮೂಲೆಯಿಂದ ಎದುರು ಮೂಲೆಗೆ ಅಡ್ಡಡ್ಡ ಟೇಪ್ ಹಿಡಿಯಿರಿ, ಎರಡೂ ಅಳತೆ ಒಂದೇ ಬರಬೇಕು. ವೆಲ್ಡರ್ ಅವಸರ ಮಾಡ್ತಾರೆ, ನೀವು ಬಿಡಬೇಡಿ.