ಸಿಲ್ವರ್ ಬಣ್ಣದ ಕಾರಿನ ಬಾಗಿಲಿಗೆ ಮನೆಯಲ್ಲೇ ಸ್ಪ್ರೇ ಡಬ್ಬಿಯಿಂದ ಬಣ್ಣ ಹೊಡೆಯಬಹುದೇ? ಯಾವ ಕಂಪನಿಯ ಡಬ್ಬಿ ಒಳ್ಳೆಯದು?

ಹಿಂದಿನ ಬಾಗಿಲಿನಲ್ಲಿ ಗೀರು, ಸಿಲ್ವರ್ ಬಣ್ಣ, ಗ್ಯಾರೇಜಿನವರು ಐದು ಸಾವಿರ ಕೇಳಿದ್ದಾರೆ ಎಂದು ಬರೆದಿದ್ದೀರಿ. ಇಷ್ಟು ಓದುವಷ್ಟರಲ್ಲೇ ನನಗೆ ಏಳು ವರ್ಷದ ಹಿಂದಿನ ಡಿಸೆಂಬರ್ ನೆನಪಾಯಿತು. ಶಿವಮೊಗ್ಗದ ನಮ್ಮ ಮನೆಯ ಗೇಟಿನ ಚಿಲಕ ತಾಗಿ ಅಪ್ಪನ ವ್ಯಾಗನ್ ಆರ್ ಬಾಗಿಲಿನ ಮೇಲೆ ಮೊಳದುದ್ದದ ಗೀರು ಬಿದ್ದಿತ್ತು. ಒಳಗಿನ ತಗಡು ಕಾಣುತ್ತಿತ್ತು, ಒಂದು ತುದಿಯಲ್ಲಿ ತುಕ್ಕು ಶುರುವಾಗಿತ್ತು. ಅಪ್ಪ ನಿವೃತ್ತಿಯ ಹಣದಲ್ಲಿ ಕೊಂಡ ಕಾರು ಅದು. ನಾನೇ ಸರಿಮಾಡಿಕೊಡುತ್ತೇನೆ ಎಂದೆ.

ತಯಾರಿಯಲ್ಲಿ ಕೊರತೆ ಮಾಡಲಿಲ್ಲ. ಕಾರಿನಲ್ಲಿರುವ ಮಾಹಿತಿ ಪಟ್ಟಿಯಲ್ಲಿ ಬಣ್ಣದ ಸಂಕೇತ ಹುಡುಕಿ (ಸಿಲ್ಕಿ ಸಿಲ್ವರ್, ಝಡ್2ಎಸ್) ಅದೇ ಡಬ್ಬಿ ತರಿಸಿದೆ. 320ರ ಎಮರಿ ಕಾಗದದಿಂದ ತುಕ್ಕು ಕೆರೆದು, ಪುಟ್ಟಿ ತುಂಬಿ, ಪ್ರೈಮರ್ ಹೊಡೆದು, ಇನ್ನೂ ನಯವಾದ 600ರ ಕಾಗದದಲ್ಲಿ ನೀರು ಹಾಕಿ ಉಜ್ಜಿದೆ. ಕಿಟಕಿ, ಹಿಡಿಕೆಗಳಿಗೆಲ್ಲ ಟೇಪ್ ಹಚ್ಚಿ ದಿನಪತ್ರಿಕೆ ಮುಚ್ಚಿದೆ. ಬೆಳಿಗ್ಗೆ ಒಂದು ಗೇಣು ದೂರದಿಂದ ಸಿಲ್ವರ್ ಮೂರು ತೆಳು ಕೋಟ್, ನಡುವೆ ಹದಿನೈದು ನಿಮಿಷ ಬಿಡುವು. ಆಮೇಲೆ ಹಾರ್ಡ್‌ವೇರ್ ಅಂಗಡಿಯಿಂದ ತಂದ ಕ್ಲಿಯರ್ (ಮೇಲೆ ಹೊಡೆಯುವ ಬಣ್ಣವಿಲ್ಲದ ಹೊಳಪಿನ ಪದರ) ಎರಡು ಕೋಟ್. ಬಾಗಿಲು ಹೊಳೆಯುತ್ತಿತ್ತು.

ಊಟ ಮುಗಿಸಿ ಮೂರು ಗಂಟೆಗೆ ಬಂದು ನೋಡಿದರೆ ಕೆಳಭಾಗದಲ್ಲಿ ಅಂಗೈಯಗಲ ಜಾಗ ಮಂಕಾಗಿತ್ತು. ಬೆರಳಿಟ್ಟೆ, ಅಂಟಲಿಲ್ಲ. ಒಣಗಿದೆ, ಇನ್ನೊಂದು ಕೋಟ್ ಹೊಡೆದರಾಯಿತು ಎಂದುಕೊಂಡೆ. ಮನೆಯ ಗೋಡೆಗೆ ಬಣ್ಣ ಹೊಡೆದು ಬಂದ ಅಭ್ಯಾಸ ಅದು: ಅಲ್ಲಿ ನಾಲ್ಕು ಗಂಟೆ ಬಿಟ್ಟು ಎರಡನೆಯ ಕೋಟ್ ಹೊಡೆಯುವುದೇ ಸರಿಯಾದ ಕ್ರಮ. ಹೊಡೆದೆ. ಒಂದು ನಿಮಿಷವೂ ಆಗಿರಲಿಲ್ಲ, ಬಾಗಿಲಿನ ಮೈ ಹಾಲಿನ ಕೆನೆಯನ್ನು ಚಮಚದಿಂದ ಸರಿಸಿದ ಹಾಗೆ ಸುಕ್ಕುಗಟ್ಟತೊಡಗಿತು. ಸುಕ್ಕು ಅಂಗೈಯಗಲದಲ್ಲೇ ನಿಲ್ಲದೆ ಮೇಲಕ್ಕೆ ಹತ್ತಿತು, ಕೆಳಗಿನ ಸಿಲ್ವರನ್ನೂ ಕಿತ್ತುಕೊಂಡು ಬಂತು. ನಾನು ಡಬ್ಬಿ ಹಿಡಿದುಕೊಂಡು ನಿಂತೇ ಇದ್ದೆ.

ಆ ಕ್ಲಿಯರ್ ಡಬ್ಬಿಯ ಹಿಂದೆ ಸಾಸಿವೆ ಗಾತ್ರದ ಅಕ್ಷರದಲ್ಲಿ ಬರೆದಿತ್ತು: ಮುಂದಿನ ಕೋಟ್ 1 ಗಂಟೆಯೊಳಗೆ, ಇಲ್ಲವೇ 48 ಗಂಟೆಯ ನಂತರ. ನಾನು ಅದನ್ನು ಓದಿದ್ದೆ. "1 ಗಂಟೆ" ಎಂದರೆ ಕನಿಷ್ಠ ಕಾಯಬೇಕಾದ ಸಮಯ, ಹೆಚ್ಚು ಕಾದಷ್ಟೂ ಒಳ್ಳೆಯದು ಎಂದು ತಿಳಿದಿದ್ದೆ. ಇದೊಂದನ್ನು ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ. ಆ ಕ್ಲಿಯರ್ ಎನಾಮೆಲ್ ಜಾತಿಯದು, ಅಂದರೆ ಎಣ್ಣೆ ಬಣ್ಣದಂಥದ್ದು; ಅದು ಎರಡು ಹಂತದಲ್ಲಿ ಒಣಗುತ್ತದೆ. ಮೊದಲು ಥಿನ್ನರ್ ಆರಿಹೋಗುತ್ತದೆ, ಆಗ ಬೆರಳಿಗೆ ಅಂಟುವುದಿಲ್ಲ. ಆಮೇಲೆ ಗಾಳಿಯ ಆಮ್ಲಜನಕ ಹೀರಿಕೊಂಡು ದಿನಗಟ್ಟಲೆ ನಿಧಾನವಾಗಿ ಗಟ್ಟಿಯಾಗುತ್ತದೆ. ಒಂದು ಗಂಟೆಯೊಳಗೆ ಹೊಡೆದರೆ ಎರಡೂ ಹಸಿ, ಬೆರೆತು ಒಂದೇ ಪದರವಾಗುತ್ತವೆ. ಎರಡು ದಿನದ ನಂತರವಾದರೆ ಹೊಸ ಥಿನ್ನರ್ ಒಳಗೆ ಇಳಿಯುವುದಿಲ್ಲ. ನಡುವಿನ ಹೊತ್ತಿನಲ್ಲಿ ಹೊಡೆದರೆ ಥಿನ್ನರ್ ಅರೆಗಟ್ಟಿ ಪದರಕ್ಕೆ ನುಗ್ಗಿ ಅದನ್ನು ಉಬ್ಬಿಸುತ್ತದೆ. ಕೆಳಗೆ ಅಂಟಿಕೊಂಡಿರುವ ಪದರಕ್ಕೆ ಅಗಲವಾಗಲು ಜಾಗವಿಲ್ಲ, ಹಾಗಾಗಿ ಎದ್ದು ಮಡಿಚಿಕೊಳ್ಳುತ್ತದೆ. ನಾನು ಅವಸರ ಮಾಡಿ ಕೆಡಿಸಲಿಲ್ಲ, ಕಾದು ಕೆಡಿಸಿದೆ.

ಒಂದು ವಾರ ಒಣಗಲು ಬಿಟ್ಟು ಎಲ್ಲವನ್ನೂ ಉಜ್ಜಿ ತೆಗೆದು ಮತ್ತೆ ಹೊಡೆದೆ. ಈ ಸಲ ಸುಕ್ಕು ಬರಲಿಲ್ಲ. ಆದರೆ ಎದುರಿನಿಂದ ಒಂದೇ ಬಣ್ಣವಾಗಿ ಕಂಡದ್ದು ಪಕ್ಕದಿಂದ ನೋಡಿದರೆ ಕಪ್ಪು ತೇಪೆ. ಅಪ್ಪ ಏನೂ ಅನ್ನಲಿಲ್ಲ, ಆದರೆ ಬಾಗಿಲು ತೆರೆಯುವಾಗಲೆಲ್ಲ ಆ ಜಾಗದ ಮೇಲೆ ಹೆಬ್ಬೆರಳು ಸವರುತ್ತಿದ್ದರು. ಮಾರ್ಚ್‌ನಲ್ಲಿ ಪೇಂಟರ್ ಹತ್ತಿರ ಒಯ್ದೆ. "ಸಿಲ್ವರ್‌ನಲ್ಲಿ ಅಲ್ಯೂಮಿನಿಯಂ ಚೂರುಗಳಿರುತ್ತವೆ ಸಾರ್. ಹಸಿಯಾಗಿ ಹೊಡೆದರೆ ಕಪ್ಪು, ಒಣಗಿದ ಹಾಗೆ ಹೊಡೆದರೆ ಬಿಳುಪು. ಡಬ್ಬಿಯಲ್ಲಿ ಒತ್ತಡ ನಿಮ್ಮ ಕೈಯಲ್ಲಿಲ್ಲ" ಎಂದರು. ಅವರು ಬಾಗಿಲು ಪೂರ್ತಿ ಹೊಡೆದು, ಪಕ್ಕದ ಬಾಗಿಲಿಗೂ ಬಣ್ಣವನ್ನು ಹಗುರವಾಗಿ ಹರಡಿ ಅಂಚನ್ನೇ ಅಳಿಸಿಬಿಟ್ಟರು.

ಹಾಗಾಗಿ ಯಾವ ಕಂಪನಿ ಎಂದು ಕೇಳಬೇಡಿ. ನಿಮ್ಮದು ಇಂಥ ಚೂರುಗಳಿಲ್ಲದ ಸಾದಾ ಬಿಳಿ ಕಾರಾಗಿದ್ದರೆ, ಅಥವಾ ಗೀರು ಬಂಪರಿನ ಕೆಳಗಿದ್ದರೆ, ಧೈರ್ಯವಾಗಿ ಮಾಡಿ ಎನ್ನುತ್ತಿದ್ದೆ. ಸಿಲ್ವರ್ ಬಾಗಿಲು ಬೇಡ. ಗೀರಿನ ಮೇಲೆ ಉಗುರು ಎಳೆದು ನೋಡಿ. ಸಿಕ್ಕಿಕೊಳ್ಳದಿದ್ದರೆ ಬಣ್ಣವೇ ಬೇಕಿಲ್ಲ, ಉಜ್ಜಿ ಹೊಳಪು ತರುವ ರಬ್ಬಿಂಗ್ ಕಾಂಪೌಂಡ್ ಸಾಕು. ತಗಡು ಕಂಡಿದ್ದರೆ ತುಕ್ಕು ಕೆರೆದು ತಾತ್ಕಾಲಿಕವಾಗಿ ಪ್ರೈಮರ್ ಹೊಡೆದಿಡಿ, ಆದರೆ ಬರೀ ಪ್ರೈಮರ್ ಹೆಚ್ಚು ದಿನ ನೀರು ತಡೆಯುವುದಿಲ್ಲ, ಬೇಗ ಹಣ ಕೂಡಿಸಿ ಬಣ್ಣ ಹೊಡೆಸಿ. ಗಟ್ಟಿಕಾರಕ ಬೆರೆಸುವ 2ಕೆ ಕ್ಲಿಯರ್ ಡಬ್ಬಿಯನ್ನಂತೂ ಮನೆಯಲ್ಲಿ ಮುಟ್ಟಬೇಡಿ. ಅದರಲ್ಲಿರುವ ಐಸೊಸೈನೇಟ್ ಎಂಬ ರಾಸಾಯನಿಕ ಶ್ವಾಸಕೋಶಕ್ಕೆ ಅಪಾಯ, ಬಟ್ಟೆಯ ಮಾಸ್ಕ್ ತಡೆಯುವುದಿಲ್ಲ.

ಇಷ್ಟಾದರೂ ಮನಸ್ಸು ಒಪ್ಪದಿದ್ದರೆ ಹಳೆಯ ಎಣ್ಣೆ ಡಬ್ಬಿಯ ತಗಡೊಂದನ್ನು ಉಜ್ಜಿ, ಪ್ರೈಮರ್‌ನಿಂದ ಕ್ಲಿಯರ್‌ವರೆಗೆ ಪೂರ್ತಿ ಹೊಡೆಯಿರಿ. ಎರಡು ದಿನ ಬಿಟ್ಟು ಅದನ್ನು ಬಾಗಿಲಿಗೆ ಆನಿಸಿ, ಸಂಜೆಯ ಬಿಸಿಲಿನಲ್ಲಿ ಹಿಂದಿನ ಚಕ್ರದ ಪಕ್ಕ ನಿಂತು ಓರೆಯಾಗಿ ನೋಡಿ. ಆಮೇಲೆ ಗ್ಯಾರೇಜಿಗೆ ಹೋಗುವುದೋ ಬೇಡವೋ ತೀರ್ಮಾನಿಸಿ.