ರೆಪೊ ದರ ಇಳಿದರೂ ಬನಹಟ್ಟಿಯ ಮಗ್ಗದವರ ಸಾಲದ ಬಡ್ಡಿ ಯಾಕೆ ಇಳಿಯುವುದಿಲ್ಲ?

ಮೊದಲು ಸಾಲ ಮಂಜೂರಾತಿ ಪತ್ರದಲ್ಲಿ ಬಡ್ಡಿ ಯಾವುದಕ್ಕೆ ಜೋಡಣೆಯಾಗಿದೆ ನೋಡಿ. 2019ರ ಅಕ್ಟೋಬರ್ 1ರಿಂದ ವಾಣಿಜ್ಯ ಬ್ಯಾಂಕುಗಳು ಸಣ್ಣ ಉದ್ದಿಮೆಗೆ ಬದಲಾಗುವ ಬಡ್ಡಿಯಲ್ಲಿ ಕೊಡುವ ಹೊಸ ಸಾಲವನ್ನು ರೆಪೊದಂಥ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ) ಹೊರಗಿನ ದರಕ್ಕೆ ಜೋಡಿಸಲೇಬೇಕು. ಮೂರು ತಿಂಗಳಿಗೊಮ್ಮೆಯಾದರೂ ಪರಿಷ್ಕರಿಸಬೇಕು. ಅಂಥ ಸಾಲದಲ್ಲಿ ರೆಪೊ ಶೇ 0.25 ಇಳಿದರೆ, ₹10 ಲಕ್ಷ ಬಾಕಿಗೆ ವರ್ಷಕ್ಕೆ ₹2,500 ಉಳಿಯುತ್ತದೆ.

ಹಳೆಯ ಎಂಸಿಎಲ್‌ಆರ್ ಸಾಲವಾದರೆ (ಬ್ಯಾಂಕು ತನ್ನ ಹಣದ ವೆಚ್ಚ ನೋಡಿ ತಾನೇ ನಿಗದಿ ಮಾಡುವ ದರಕ್ಕೆ ಜೋಡಿಸಿದ್ದು) ಇಳಿಕೆ ತಡವಾಗಿ, ಅರೆಬರೆಯಾಗಿ ಬರುತ್ತದೆ. ಬ್ಯಾಂಕಿನ ಬಹುಪಾಲು ಹಣ ಜನರ ಠೇವಣಿ. ಅವಧಿ ಮುಗಿಯುವವರೆಗೆ ಅದಕ್ಕೆ ಹಳೆಯ ಬಡ್ಡಿಯನ್ನೇ ಕೊಡಬೇಕು. ರೆಪೊಗೆ ಬದಲಿಸಿ ಎಂದು ಶಾಖೆಗೆ ಲಿಖಿತ ಅರ್ಜಿ ಕೊಡಿ, ಶುಲ್ಕವನ್ನು ಮೊದಲೇ ಕೇಳಿಕೊಳ್ಳಿ.

ಬಾಗಲಕೋಟೆ ಜಿಲ್ಲೆಯಲ್ಲಿ ಬಹಳ ಮಂದಿ ಸಾಲ ತರುವುದು ಸೌಹಾರ್ದ ಸಹಕಾರಿಗಳಿಂದ. ಹೊರಗಿನ ದರಕ್ಕೆ ಜೋಡಿಸಬೇಕೆಂಬ ನಿಯಮ ಅವುಗಳಿಗಿಲ್ಲ. ಸದಸ್ಯರ ಠೇವಣಿಗೆ ಹೆಚ್ಚು ಬಡ್ಡಿ ಕೊಡುತ್ತಿದ್ದರೆ ಸಾಲವೂ ತುಟ್ಟಿಯೇ.

ಇನ್ನೊಂದು ಮಾತು: ಬಡ್ಡಿ ಇಳಿದ ಮಾತ್ರಕ್ಕೆ ಸಾಲದ ಮಿತಿ ಏರುವುದಿಲ್ಲ. ಕ್ಯಾಶ್ ಕ್ರೆಡಿಟ್‌ನಲ್ಲಿ (ಮಿತಿಯೊಳಗೆ ಬೇಕಾದಾಗ ತೆಗೆದು, ಮತ್ತೆ ಕಟ್ಟುವ ಸಾಲ) ಎಷ್ಟು ಹಣ ತೆಗೆಯಬಹುದು ಎಂಬುದು ನೂಲು, ಸೀರೆಗಳ ದಾಸ್ತಾನು ಮತ್ತು ಬರಬೇಕಾದ ಬಾಕಿಯ ಮೇಲೆ ನಿಂತಿದೆ. ದಾಸ್ತಾನು ವಿವರ ಸಲ್ಲಿಸಲು ತಡಮಾಡಿದರೆ ತೆಗೆಯಬಹುದಾದ ಹಣವೂ ಕುಗ್ಗಬಹುದು.